ಕಾರಿನಲ್ಲಿ ಗಾಂಜಾ ಸಿಕ್ಕರೂ ಕೇಸು ಬಿದ್ದುಹೋಗುವುದೇಕೆ?

ಪ್ರಶ್ನೆ: ಬಸವಕಲ್ಯಾಣ, ಹುಮನಾಬಾದ್ ಕಡೆಯ ಹೆದ್ದಾರಿಯಲ್ಲಿ ಪೊಲೀಸರು ಕಾರು ತಡೆದು ಗಾಂಜಾ ಹಿಡಿಯುತ್ತಾರೆ. ಮಾಲು ಕಣ್ಣೆದುರೇ ಇದ್ದರೂ ಕೆಲವು ಆರೋಪಿಗಳು ಬಿಡುಗಡೆಯಾಗುವುದು ಹೇಗೆ?

ಉತ್ತರ: ಅಮೆರಿಕದಲ್ಲಿ ಅಕ್ರಮ ಶೋಧದಿಂದ ಸಿಕ್ಕ ಸಾಕ್ಷ್ಯವನ್ನು ಸಾಮಾನ್ಯವಾಗಿ ಕೋರ್ಟು ಹೊರಗಿಡುತ್ತದೆ. ನಮ್ಮಲ್ಲಿ ಹಾಗಿಲ್ಲ. ಡೇರಿಯವರು ಹಾಲಿನ ಗುಣ ನೋಡುತ್ತಾರೆ, ಅದು ಯಾವ ದಾರಿಯಲ್ಲಿ ಬಂತೆಂದು ಕೇಳುವುದಿಲ್ಲ; ಸುಪ್ರೀಂ ಕೋರ್ಟಿನ 1974ರ ಪೂರನ್ ಮಲ್ ತೀರ್ಪಿನ ನಿಲುವೂ ಹೆಚ್ಚುಕಡಿಮೆ ಅದೇ.

ಮಾದಕವಸ್ತು ಕಾಯ್ದೆಯಲ್ಲಿ ಮಾತ್ರ ದಾರಿಯನ್ನೂ ಕೇಳುತ್ತಾರೆ. ಶಿಕ್ಷೆ 20 ವರ್ಷದವರೆಗೂ ಹೋಗಬಹುದಾದ್ದರಿಂದ ಈ ಬಿಗಿ ನ್ಯಾಯವೇ. 42ನೇ ಕಲಮಿನ ಪ್ರಕಾರ, ಸುಳಿವು ಬಂದರೆ ಅಧಿಕಾರಿ ಅದನ್ನು ಬರೆದಿಟ್ಟು, 72 ಗಂಟೆಯೊಳಗೆ ಮೇಲಧಿಕಾರಿಗೆ ಪ್ರತಿ ಕಳಿಸಬೇಕು. ತಡವಾದರೆ ಸಮಾಧಾನಕರ ಕಾರಣ ಕೊಡಬಹುದು; ಬರೆಯದೇ ಬಿಟ್ಟರೆ ಕ್ಷಮೆಯಿಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಬಸ್ಸಿನಂಥ ಸಾರ್ವಜನಿಕ ವಾಹನಕ್ಕೆ 43ನೇ ಕಲಮು ಸಾಕು, ಈ ಬರವಣಿಗೆ ಬೇಡ. ಖಾಸಗಿ ವಾಹನ ರಸ್ತೆಯಲ್ಲಿ ನಿಂತಿದ್ದರೂ 42 ಅನ್ವಯಿಸುತ್ತದೆ, ಅದನ್ನು ಪಾಲಿಸಿಲ್ಲ ಎಂಬ ಕಾರಣಕ್ಕೆ 2021ರ ಬೂಟಾ ಸಿಂಗ್ ಪ್ರಕರಣದಲ್ಲಿ ಆರೋಪಿಗಳು ಖುಲಾಸೆಯಾದರು.

ಮೈ ತಪಾಸಣೆಗೆ ಇನ್ನೊಂದು ನಿಯಮ: ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಶೋಧಕ್ಕೆ ಒಳಗಾಗುವ ಹಕ್ಕಿದೆಯೆಂದು ಮೊದಲೇ ತಿಳಿಸಬೇಕು. ಕಾರಿಗೂ ಚೀಲಕ್ಕೂ ಇದು ಅನ್ವಯಿಸದು.

2024ರ ಜುಲೈ 1ರಿಂದ ಶೋಧ, ಜಪ್ತಿಯ ವಿಡಿಯೊ ಚಿತ್ರೀಕರಣವೂ ಕಡ್ಡಾಯ. ನಿಮ್ಮ ವಾಹನ ತಡೆದರೆ ಸಹಕರಿಸಿ. ಪಂಚನಾಮೆಯನ್ನು ಮಾತ್ರ ಪೂರ್ತಿ ಓದಿಯೇ ಸಹಿ ಹಾಕಿ.