ಆ ಬಾಗಿಲು ಯಾರಿಗೆ ತೆರೆದಿತ್ತು? ಫ್ರಾಂಕಿ ನಕಲ್ಸ್ ಮತ್ತು ಹೌಸ್ ಸಂಗೀತದ ರಾಜಕೀಯ

ನಮ್ಮೂರಲ್ಲಿ ಡಿಜೆ ಅಂದರೆ ಗಣಪತಿ ಬಿಡುವ ದಿನ ಗಾಡಿ ಮೇಲೆ ಪೇರಿಸಿದ ಸ್ಪೀಕರ್ ಬಾಕ್ಸು. ಇಂಜಿನಿಯರಿಂಗ್ ಓದುವಾಗ ನನಗೂ ಅಷ್ಟೇ ಗೊತ್ತಿದ್ದದ್ದು. ಬೇರೆಯವರ ಹಾಡು ಹಾಕೋನಿಗೆ ಏನಪ್ಪಾ ಇಷ್ಟು ಹೆಸರು ಅಂತ ನಗ್ತಿದ್ದೆ. ಆ ನಗು ನಿಂತದ್ದು ಫ್ರಾಂಕಿ ನಕಲ್ಸ್ ಬಗ್ಗೆ ಓದಿದ ಮೇಲೆ. ಶನಿವಾರ ರಾತ್ರಿ ಬೆಂಗಳೂರಿನ ಪಬ್ಬುಗಳಲ್ಲೂ ಕೇಳಿಬರುವ 'ಹೌಸ್' ಸಂಗೀತಕ್ಕೆ ಆ ಹೆಸರು ಬಂದದ್ದು ಅವರು ಡಿಜೆ ಆಗಿದ್ದ ಶಿಕಾಗೋದ 'ವೇರ್‌ಹೌಸ್' ಕ್ಲಬ್ಬಿನಿಂದ. ಹೆಸರು ಉಳಿದಿದೆ. ಅಲ್ಲಿ ಕುಣಿದವರು ಯಾರು ಅನ್ನೋದನ್ನು ನಾವು ಮರೆತಿದ್ದೇವೆ.

ನಕಲ್ಸ್ ಹುಟ್ಟಿದ್ದು 1955ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಕಪ್ಪು ಜನಾಂಗದವರು, ಸಲಿಂಗಿ. 1977ರಲ್ಲಿ ವೇರ್‌ಹೌಸ್ ಶುರುವಾಗುವಾಗ ಅದರ ಮಾಲೀಕರು ಮೊದಲು ಕರೆದದ್ದು ನಕಲ್ಸ್ ಗೆಳೆಯ ಲ್ಯಾರಿ ಲೆವನ್ ಅವರನ್ನು. ಅವರು ಒಲ್ಲೆ ಅಂದರು, ನಕಲ್ಸ್ ಹೋದರು. ಸೌತ್ ಜೆಫರ್ಸನ್ ಸ್ಟ್ರೀಟಿನ ಹಳೇ ಕಟ್ಟಡ ಅದು. ಮದ್ಯ ಮಾರುತ್ತಿರಲಿಲ್ಲ. ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೋ ಸಲಿಂಗಿ ಯುವಕರು. ಬೇರೆ ಕಡೆ ಬಾಗಿಲಲ್ಲೇ ತಡೆಯಲಾಗುತ್ತಿದ್ದ ಇವರು ಇಲ್ಲಿ ಬೆಳಗಿನವರೆಗೂ ಕುಣಿಯಬಹುದಿತ್ತು.

ರೆಕಾರ್ಡು ಸಿಡಿಸಿದ ರಾತ್ರಿ

1979ರ ಜುಲೈ 12. ಅದೇ ಶಿಕಾಗೋದ ಬೇಸ್‌ಬಾಲ್ ಮೈದಾನ. ಡಿಸ್ಕೋ ವಿರೋಧಿ ರೇಡಿಯೋ ನಿರೂಪಕ ಸ್ಟೀವ್ ಡಾಲ್ ಕರೆ ಕೊಟ್ಟಿದ್ದ: ಒಂದು ಡಿಸ್ಕೋ ರೆಕಾರ್ಡ್ ತನ್ನಿ, 98 ಸೆಂಟ್‌ಗೆ ಟಿಕೆಟ್. ಸಾವಿರಾರು ಜನರ ಮುಂದೆ ರೆಕಾರ್ಡುಗಳ ರಾಶಿಗೆ ಸಿಡಿಮದ್ದು ಇಟ್ಟರು. ಜನ ಮೈದಾನಕ್ಕೆ ನುಗ್ಗಿದರು, ಎರಡನೇ ಪಂದ್ಯ ನಡೆಯಲೇ ಇಲ್ಲ. ಅಲ್ಲಿ ಕೆಲಸಕ್ಕಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗ ಆಮೇಲೆ ಹೇಳಿದ್ದು: ಜನ ತಂದದ್ದರಲ್ಲಿ ಡಿಸ್ಕೋ ಅಲ್ಲದ, ಕಪ್ಪು ಕಲಾವಿದರ ರೆಕಾರ್ಡುಗಳೂ ಇದ್ದವು. 'ಸಂಗೀತ ಇಷ್ಟ ಇಲ್ಲ ಅಷ್ಟೇ' ಅನ್ನೋ ವಾದ ಇಲ್ಲಿ ನಿಲ್ಲೋದು ಕಷ್ಟ. ಅದೇ ಲಾರೆನ್ಸ್ ಮುಂದೆ ಹೌಸ್ ಸಂಗೀತದ ಮೊದಮೊದಲ ರೆಕಾರ್ಡುಗಳನ್ನು ಮಾಡಿದವರಲ್ಲಿ ಒಬ್ಬರಾದರು.

ಕತ್ತರಿ, ಟೇಪು, ಡ್ರಮ್ ಮಷೀನ್

ಡಿಸ್ಕೋ ಮಾರುಕಟ್ಟೆ ಕುಸಿಯಿತು, ಹೊಸ ರೆಕಾರ್ಡು ಬರೋದು ಕಮ್ಮಿ ಆಯ್ತು. ನಕಲ್ಸ್ ಹಳೇ ಹಾಡುಗಳನ್ನೇ ಟೇಪಿಗೆ ಹಾಕಿ, ಕತ್ತರಿಸಿ, ಅಂಟಿಸಿ, ಕುಣಿತಕ್ಕೆ ಒಗ್ಗುವ ಭಾಗವನ್ನು ಉದ್ದ ಮಾಡಿದರು. ಆಮೇಲೆ ಡೆಟ್ರಾಯ್ಟಿನ ಡೆರಿಕ್ ಮೇ ಅವರಿಂದ ರೋಲಂಡ್ ಟಿಆರ್-909 ಡ್ರಮ್ ಮಷೀನ್ ಕೊಂಡರು. ಲೆಕ್ಕ ಸರಳ: ನಿಮಿಷಕ್ಕೆ ಸುಮಾರು 120 ಏಟು, ಅಂದರೆ ಅರ್ಧ ಸೆಕೆಂಡಿಗೊಂದು 'ಧಡ್'. ಎಲ್ಲ ಹಾಡಿನ ಕೆಳಗೂ ಅದೇ ಏಟು ಓಡುತ್ತಿದ್ದರೆ ಒಂದು ಹಾಡು ಮುಗಿದು ಇನ್ನೊಂದು ಶುರುವಾದದ್ದು ಕಾಲಿಗೆ ಗೊತ್ತಾಗೋದೇ ಇಲ್ಲ. ಡಿಜೆ 'ಹಾಡು ಹಾಕೋನು' ಮಾತ್ರ ಅಲ್ಲ ಅಂತ ನನಗೆ ಅರ್ಥವಾದದ್ದು ಇಲ್ಲೇ. ಹೌಸ್ ಅಂದರೆ ಡಿಸ್ಕೋ ತೀರಿಸಿಕೊಂಡ ಸೇಡು ಅಂತ ನಕಲ್ಸ್ ಹೇಳ್ತಿದ್ದರು.

ಶ್ರೇಯದ ವಿಷಯದಲ್ಲಿ ಅವರ ಕಥೆಯೂ ಪೂರ್ತಿ ಶುಭ್ರವಲ್ಲ. ಪ್ರಸಿದ್ಧ 'ಯುವರ್ ಲವ್' ನಕಲ್ಸ್ ಹೆಸರಲ್ಲಿ ಹೊರಬಂತು. ಆದರೆ ಅದನ್ನು ಬರೆದು ಹಾಡಿದ್ದು ಜೇಮಿ ಪ್ರಿನ್ಸಿಪಲ್. ಹೆಸರು ಅಳಿಸಿಹೋಗೋದು ಯಾವಾಗಲೂ ಹೊರಗಿನವರಿಂದಲೇ ಆಗಬೇಕಂತಿಲ್ಲ.

ಮುಂದೆ ನ್ಯೂಯಾರ್ಕಿಗೆ ಮರಳಿ ಮೈಕಲ್ ಜಾಕ್ಸನ್, ಡಯಾನಾ ರಾಸ್ ಅಂಥವರ ಹಾಡುಗಳನ್ನು ರೀಮಿಕ್ಸ್ ಮಾಡಿದರು. 1998ರಲ್ಲಿ ಗ್ರ್ಯಾಮಿ ಬಂತು. ರೆಕಾರ್ಡು ಸಿಡಿಸಿದ ಅದೇ ನಗರ 2004ರಲ್ಲಿ ವೇರ್‌ಹೌಸ್ ಇದ್ದ ಬೀದಿಗೆ ಅವರ ಹೆಸರಿನ ಗೌರವ ಕೊಟ್ಟಿತು. ಅದಕ್ಕೆ ನೆರವಾದವರಲ್ಲಿ ಆಗಿನ್ನೂ ರಾಜ್ಯ ಸೆನೆಟರ್ ಆಗಿದ್ದ ಬರಾಕ್ ಒಬಾಮ ಒಬ್ಬರು. 2014ರಲ್ಲಿ, 59ನೇ ವಯಸ್ಸಿಗೆ, ನಕಲ್ಸ್ ತೀರಿಕೊಂಡರು. ಮಧುಮೇಹ ಅವರನ್ನು ಬಹಳ ಕಾಡಿತ್ತು. 2023ರಲ್ಲಿ ಆ ಕಟ್ಟಡವೂ ಸಂರಕ್ಷಿತ ಸ್ಮಾರಕವಾಯಿತು.

ಬೀದಿಗೆ ಹೆಸರಿಡೋದು ಒಳ್ಳೆಯದೇ. ಆದರೆ ಹೌಸ್ ಹುಟ್ಟಿದ್ದು ಬೇರೆಲ್ಲೂ ಜಾಗ ಸಿಗದವರಿಗೆ ಒಂದು ಬಾಗಿಲು ತೆರೆದಿದ್ದರಿಂದ. ಮುಂದಿನ ಸಲ ಪಬ್ಬಿನ ಮುಂದೆ ಬೌನ್ಸರ್ ಯಾರನ್ನೋ ಬಟ್ಟೆ, ಚಪ್ಪಲಿ ನೋಡಿ ವಾಪಸ್ ಕಳಿಸುವಾಗ, ಒಳಗಿಂದ ಯಾವ ಸಂಗೀತ ಬರ್ತಿದೆ ಅಂತ ಒಮ್ಮೆ ಕಿವಿಗೊಟ್ಟು ಕೇಳಿ.