ಬೆನ್ನುಮೂಳೆ ಮುರಿದರೆ: ಸಣ್ಣ ಗಾಯದ ಶಸ್ತ್ರಚಿಕಿತ್ಸೆಯೋ, ದೊಡ್ಡದೋ?



ತೆಂಗಿನ ಮರವೇರಿದವರು ಜಾರಿ ಬೀಳುವುದು, ಕಟ್ಟೆಯಿಲ್ಲದ ಬಾವಿಗೆ ಉರುಳುವುದು, ಟ್ರ್ಯಾಕ್ಟರ್ ಮಗುಚುವುದು ನಮ್ಮ ಹಳ್ಳಿಗಳಿಗೆ ಹೊಸತಲ್ಲ. ಇಂಥ ಅಪಘಾತಗಳಲ್ಲಿ ಬೆನ್ನುಮೂಳೆ ಮುರಿಯುವುದುಂಟು. ಆಗ ಒಬ್ಬರು “ಈಗೆಲ್ಲ ಸಣ್ಣ ತೂತಿನಲ್ಲೇ ಆಪರೇಷನ್ ಮಾಡುತ್ತಾರೆ” ಎನ್ನುತ್ತಾರೆ. ಇನ್ನೊಬ್ಬರು “ಬೆನ್ನು ಕೊಯ್ಯಿಸಿಕೊಂಡವನು ಮತ್ತೆ ಗೇಯಲಾರ” ಎಂದು ಹೆದರಿಸುತ್ತಾರೆ. ಎರಡು ಮಾತೂ ಪೂರ್ತಿ ನಿಜವಲ್ಲ. ಯಾರಿಗೆ ಯಾವ ಚಿಕಿತ್ಸೆ ತಕ್ಕದ್ದೆಂಬುದನ್ನು ಇಲ್ಲಿ ತಿಳಿಸಿದೆ.

ಬೆನ್ನುಮೂಳೆ ಎಂದರೇನು?

ಅದು ಒಂದೇ ಎಲುಬಲ್ಲ. ಕತ್ತಿನಲ್ಲಿ ೭, ಎದೆಯ ಹಿಂಭಾಗದಲ್ಲಿ ೧೨, ಸೊಂಟದಲ್ಲಿ ೫, ಹೀಗೆ ಒಂದರ ಮೇಲೊಂದು ಕೂಡಿಸಿದ ಮಣಿಗಳ ಕಂಬ. ಮಣಿಗಳ ಒಳಗಿನ ಕೊಳವೆಯಲ್ಲಿ ಬೆನ್ನುಹುರಿ ಹಾಯ್ದಿದೆ. ಕೈಕಾಲುಗಳ ಚಲನೆ, ಸ್ಪರ್ಶಜ್ಞಾನ, ಮಲಮೂತ್ರಗಳ ಹಿಡಿತ ಇವೆಲ್ಲ ಅದನ್ನೇ ಅವಲಂಬಿಸಿವೆ. ಎತ್ತರದಿಂದ ಬಿದ್ದವರಿಗೆ ಎದೆಯ ಭಾಗ ಮುಗಿದು ಸೊಂಟ ಮೊದಲಾಗುವ ಕಡೆ ಮುರಿಯುವುದು ಹೆಚ್ಚು. ಪಕ್ಕೆಲುಬುಗಳಿಂದ ಬಿಗಿಯಾದ ಭಾಗವೂ ಬಾಗುವ ಭಾಗವೂ ಅಲ್ಲಿ ಕೂಡುತ್ತವೆ.

ಇದನ್ನು ಕೆರೆಗೆ ಹೋಲಿಸಿ ನೋಡಿರಿ. ಎಲುಬು ಏರಿಯಿದ್ದಂತೆ, ಬೆನ್ನುಹುರಿಯ ಕೊಳವೆ ತೂಬಿದ್ದಂತೆ. ಏರಿ ಎಷ್ಟು ಕುಸಿದಿದೆ, ತೂಬಿನೊಳಗೆ ಕಲ್ಲು ಬಿದ್ದಿದೆಯೇ ಎಂಬುದನ್ನು ನೋಡದೆ ರಿಪೇರಿ ಹೇಗೆಂದು ಹೇಳಲಾಗದು. ಡಾಕ್ಟರು ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ. ತೆಗೆಸುವುದು ಇದಕ್ಕಾಗಿಯೇ.

ಮೂರು ಬಗೆಯ ಪೆಟ್ಟು

ಮೊದಲನೆಯದು, ಮಣಿ ಸ್ವಲ್ಪ ಕುಗ್ಗಿದ್ದರೂ ಅಲುಗಾಡದೆ ನಿಂತಿರುವುದು, ನರಗಳಿಗೆ ಪೆಟ್ಟಿಲ್ಲದಿರುವುದು. ಇಂಥವರಲ್ಲಿ ಅನೇಕರಿಗೆ ಶಸ್ತ್ರಚಿಕಿತ್ಸೆಯೇ ಬೇಡ. ನೋವಿನ ಔಷಧಿ, ಬೇಕಾದರೆ ಬೆನ್ನಿನ ಪಟ್ಟಿ, ಕ್ರಮವಾದ ವ್ಯಾಯಾಮ ಸಾಕು. ಮಣಿ ಸಿಡಿದಿದ್ದರೂ ನರಗಳು ಕ್ಷೇಮವಾಗಿದ್ದ ರೋಗಿಗಳನ್ನು ಅಮೆರಿಕದಲ್ಲಿ ಎರಡು ಗುಂಪು ಮಾಡಿ ನೋಡಿದರು. ೨೦೦೩ರಲ್ಲಿ ಪ್ರಕಟವಾದ ಆ ವರದಿಯಂತೆ, ಆಪರೇಷನ್ ಆದವರಿಗೂ ಆಗದವರಿಗೂ ಕೊನೆಯಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ.

ಎರಡನೆಯದು, ನರ ಸರಿಯಿದ್ದರೂ ಕಂಬ ಸಡಿಲವಾಗಿರುವುದು. ಇಲ್ಲಿ ಮುರಿದ ಮಣಿಯ ಮೇಲೆ ಕೆಳಗೆ ತಿರುಪುಗಳನ್ನು ಕೂಡಿಸಿ, ಲೋಹದ ಸರಳಿನಿಂದ ಜೋಡಿಸಿ ಭದ್ರಪಡಿಸಬೇಕು. ಸಣ್ಣ ಗಾಯದ ವಿಧಾನ ಹೆಚ್ಚಾಗಿ ಒಪ್ಪುವುದು ಇಲ್ಲಿಯೇ.

ಮೂರನೆಯದು, ಎಲುಬಿನ ಚೂರು ಬೆನ್ನುಹುರಿಯನ್ನು ಒತ್ತಿ ಕಾಲಿನ ಬಲ ಕುಂದಿರುವುದು. ತೂಬಿನೊಳಗೆ ಕಲ್ಲು ಬಿದ್ದಾಗ ಏರಿಗೆ ಊರೆ ಕೊಟ್ಟರಷ್ಟೇ ಸಾಲದು. ಸಾಮಾನ್ಯವಾಗಿ ಬೆನ್ನು ತೆರೆದು ಒತ್ತಡ ತೆಗೆಯಬೇಕಾಗುತ್ತದೆ. ಇಲ್ಲಿ ತಡಮಾಡುವುದು ಅಪಾಯ.

ಎರಡು ವಿಧಾನಗಳ ಗುಣದೋಷ

ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಬೆನ್ನಿನ ನಡುವೆ ಉದ್ದಕ್ಕೆ ಕೊಯ್ದು, ಸ್ನಾಯುಗಳನ್ನು ಎಲುಬಿನಿಂದ ಬಿಡಿಸಿ ಸರಿಸುತ್ತಾರೆ. ಎಲ್ಲವೂ ಕಣ್ಣಿಗೆ ಕಾಣುತ್ತದೆ. ಒತ್ತಿದ ಚೂರನ್ನು ತೆಗೆಯಬಹುದು. ಆದರೆ ರಕ್ತ ಹೆಚ್ಚು ಹೋಗುತ್ತದೆ, ಸ್ನಾಯುಗಳು ನೋಯುತ್ತವೆ.

ಸಣ್ಣ ಗಾಯದ ವಿಧಾನದಲ್ಲಿ ಬೆರಳಗಲದ ಕೆಲವು ಕೊಯ್ತಗಳ ಮೂಲಕ, ಎಕ್ಸ್‌ರೇ ಪರದೆ ನೋಡುತ್ತ ತಿರುಪು ಕೂಡಿಸುತ್ತಾರೆ. ರಕ್ತ ಕಡಿಮೆ ಹೋಗುತ್ತದೆ; ಮೊದಲ ದಿನಗಳ ನೋವು ಕಡಿಮೆ; ಬೇಗ ಎದ್ದು ನಡೆಯಬಹುದು. ಆದರೆ ಎಕ್ಸ್‌ರೇ ಕಿರಣಗಳ ಬಳಕೆ ಹೆಚ್ಚು. ತಕ್ಕ ಯಂತ್ರವೂ ಪಳಗಿದ ಕೈಯೂ ಬೇಕು. ವರ್ಷವೆರಡು ವರ್ಷ ಕಳೆದ ಮೇಲೆ ಇಬ್ಬರ ಬೆನ್ನಿನ ಸ್ಥಿತಿಯೂ ಸುಮಾರಾಗಿ ಒಂದೇ. ಆದುದರಿಂದ ಸಣ್ಣ ಗಾಯಕ್ಕೆಂದೇ ಹೊಲ ಅಡವಿಡಬೇಡಿರಿ. ದೊಡ್ಡ ಗಾಯವೆಂದು ಹೆದರಿ, ಕಾಲಿನ ಬಲ ಹೋಗುತ್ತಿರುವಾಗ ಮನೆಗೆ ಹಿಂತಿರುಗಲೂ ಬೇಡಿರಿ.

ಬಿದ್ದ ಕೂಡಲೇ ಏನು ಮಾಡಬೇಕು?

ಆಸ್ಪತ್ರೆಯ ಕೆಲಸಕ್ಕೆ ಮೊದಲು ನಿಮ್ಮ ಕೆಲಸವಿದೆ. ಬಿದ್ದವರನ್ನು ಎಬ್ಬಿಸಿ ಕೂರಿಸಬಾರದು. ಕೈಕಾಲು ಹಿಡಿದು ಜೋಲಿಯಂತೆ ಹೊತ್ತರೆ ಮುರಿದ ಎಲುಬು ಸರಿದು ಬೆನ್ನುಹುರಿಗೆ ಪೆಟ್ಟಾಗಬಹುದು. ಕಾಲಾಡಿಸುತ್ತಿದ್ದವರು ಶಾಶ್ವತವಾಗಿ ನಡೆಯಲಾರದಂತಾಗಬಹುದು. ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಹೋಗುವುದೂ ಕೂಡದು. ೧೦೮ಕ್ಕೆ ಫೋನು ಮಾಡಿ ಆಂಬ್ಯುಲೆನ್ಸ್ ಕರೆಸಿರಿ. ಸಾಗಿಸಲೇಬೇಕಾದರೆ ಒಬ್ಬರು ತಲೆ ಕತ್ತು ಹಿಡಿದು, ಉಳಿದ ಮೂವರು ನಾಲ್ವರು ಸೇರಿ, ಮೈಯನ್ನು ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಬೇಕು. ಎಣ್ಣೆ ತಿಕ್ಕಿಸುವುದು, ಉಳುಕು ತೆಗೆಸುವುದು ಬೇಡವೇ ಬೇಡ. ಕಾಲು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅದನ್ನು ತಪ್ಪದೆ ಡಾಕ್ಟರಿಗೆ ತಿಳಿಸಿರಿ.

ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳು

ಎಲುಬು ಭದ್ರವಾಗಿದೆಯೇ? ನರ ಒತ್ತಿದೆಯೇ? ಆಪರೇಷನ್ ಇಲ್ಲದೆ ವಾಸಿಯಾಗುವುದೇ? ಈ ವಿಧಾನವನ್ನೇ ಆರಿಸಿದ್ದೇಕೆ? ಹೀಗೆ ಕೇಳಲು ಸಂಕೋಚ ಬೇಡ. ೨೦೧೮ರಿಂದ ನಡೆದಿರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವು ಸಿಗುವುದೇ ಎಂದೂ ವಿಚಾರಿಸಿರಿ. ರೇಷನ್ ಕಾರ್ಡು, ಆಧಾರ್ ಕಾರ್ಡು ಜೊತೆಯಲ್ಲಿರಲಿ.

ವಾಸಿಯಾಗುವವರೆಗೆ ಬೀಡಿ ಬಿಡಿರಿ. ಹೊಗೆಯಿಂದ ಎಲುಬು ಕೂಡುವುದು ತಡವಾಗುತ್ತದೆ. ಡಾಕ್ಟರು ಹೇಳುವ ತನಕ ಭಾರ ಎತ್ತಬೇಡಿರಿ.

ಕೊಯ್ಲಿನ ಕಾಲ ಹತ್ತಿರ ಬಂದಿದೆ. ಮರ ಹತ್ತುವವರು ಸೊಂಟಕ್ಕೆ ಭದ್ರವಾದ ಪಟ್ಟಿ ಕಟ್ಟಿಕೊಳ್ಳಲಿ. ಬಾವಿಗೆ ಕಟ್ಟೆ ಕಟ್ಟಿಸಿರಿ. ಗಟ್ಟಿಯಾದ ಹಲಗೆಯೊಂದನ್ನು ಊರವರೆಲ್ಲರಿಗೂ ತಿಳಿದಿರುವ ಜಾಗದಲ್ಲಿ ಇಂದೇ ಇರಿಸಿರಿ.