ಪಾಡ್‌ಕಾಸ್ಟ್ ಪಠ್ಯ: ಫ್ಲೆಕ್ಸ್‌ನಲ್ಲಿ ಯಾರ ಮುಖ, ಯಾರ ಖರ್ಚು?

ನಾನು ದಿನಾ ದಾಸರಹಳ್ಳಿ ಮೆಟ್ರೊ ನಿಲ್ದಾಣದಲ್ಲಿ ಇಳಿದು ತುಮಕೂರು ರಸ್ತೆ ಪಕ್ಕ ನಡೀತೀನಿ. ನಾಯಕರೊಬ್ಬರ ಹುಟ್ಟುಹಬ್ಬ ಬಂತು ಅಂದ್ರೆ ಟಿ. ದಾಸರಹಳ್ಳಿ ತುಂಬ ಫ್ಲೆಕ್ಸ್. ನಡುವೆ ಅವರ ದೊಡ್ಡ ಮುಖ, ಮೇಲೆ ಸಾಲಾಗಿ ಪಕ್ಷದ ಹಿರಿಯರು, ಕೆಳಗೆ ‘ಶುಭ ಕೋರುವವರು’ ಅಂತ ಸಣ್ಣ ಸಣ್ಣ ಮುಖಗಳು. ಸಾಮಾನ್ಯವಾಗಿ ದುಡ್ಡು ಕೊಟ್ಟಿರೋದು ಈ ಸಣ್ಣ ಮುಖದವರು.

ಯಾಕೆ ಕೊಡ್ತಾರೆ? ಉತ್ತರ ಹಳೇ ರೋಮ್‌ನಲ್ಲಿದೆ.

ರೋಮ್ ಸಾಮ್ರಾಜ್ಯದ ಊರೂರಲ್ಲೂ ಚಕ್ರವರ್ತಿಯ ಪ್ರತಿಮೆ ಇರ್ತಿತ್ತು. ಎಲ್ಲವನ್ನೂ ಅರಮನೆಯೇ ಮಾಡಿಸಿ ಕಳಿಸಿದ್ದಲ್ಲ. ಎಷ್ಟೋ ಪ್ರತಿಮೆಗಳನ್ನು ಆಯಾ ಊರಿನ ಸಭೆ, ಅಲ್ಲಿನ ಶ್ರೀಮಂತರು ನಿಲ್ಲಿಸಿ, ಪೀಠದ ಮೇಲೆ ತಮ್ಮ ಹೆಸರನ್ನೂ ಕೆತ್ತಿಸಿದರು. ಪ್ಲಿನಿ ಎಂಬ ಅಧಿಕಾರಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರವೊಂದು ಉಳಿದಿದೆ. ತಾನು ಕಟ್ಟಿಸುವ ಗುಡಿಯಲ್ಲಿ ನಿಮ್ಮ ಪ್ರತಿಮೆಯನ್ನೂ ಇಡಲು ಅಪ್ಪಣೆ ಕೊಡಿ ಅಂತಾನೆ. ಅದೇ ಪತ್ರದಲ್ಲಿ ರಜೆಯನ್ನೂ ಕೇಳ್ತಾನೆ! ಟ್ರಾಜನ್ ಎರಡಕ್ಕೂ ಒಪ್ಪಿದ.

ಮುಂದೆ ಇದೇ ಪ್ಲಿನಿ, ಈಗಿನ ಟರ್ಕಿಯಲ್ಲಿರುವ ಬಿಥಿನಿಯಾ ಪ್ರಾಂತ್ಯವನ್ನು ಆಳುವಾಗ, ಕ್ರೈಸ್ತರೆಂಬ ಆರೋಪ ಹೊತ್ತವರನ್ನು ಹೀಗೆ ಪರೀಕ್ಷಿಸಿದ: ‘ನಾನು ಕ್ರೈಸ್ತನಲ್ಲ’ ಅಂದವರು ಟ್ರಾಜನ್ ಪ್ರತಿಮೆಗೆ ಧೂಪ, ದ್ರಾಕ್ಷಾರಸ ಅರ್ಪಿಸಿ ತೋರಿಸಬೇಕು. ಮುಖಕ್ಕೆ ಕೈಮುಗಿಯೋದೇ ನಿಷ್ಠೆಯ ಸಾಕ್ಷಿ.

ಮುಖ ಅಳಿಸೋದೂ ಅಷ್ಟೇ. 211ರಲ್ಲಿ ಚಕ್ರವರ್ತಿ ಕ್ಯಾರಕಲ್ಲ ತನ್ನ ತಮ್ಮ ಗೆಟಾನನ್ನು ಕೊಲ್ಲಿಸಿದ ಮೇಲೆ, ಗೆಟಾನ ಹೆಸರು, ಮುಖ ಎರಡನ್ನೂ ಅಳಿಸಿಹಾಕಿದರು. ಬರ್ಲಿನ್‌ನಲ್ಲಿರುವ ಆ ಕುಟುಂಬದ ಚಿತ್ರದಲ್ಲಿ ಅಪ್ಪ, ಅಮ್ಮ, ಅಣ್ಣ ಇದ್ದಾರೆ. ತಮ್ಮನ ಮುಖವಿದ್ದ ಜಾಗದಲ್ಲಿ ಉಜ್ಜಿದ ಗುರುತು ಮಾತ್ರ.

ನಮ್ಮಲ್ಲಿ ಕೊಲೆಗಿಲೆ ಇಲ್ಲ, ಸರಿ. ಆದ್ರೆ ಮೊನ್ನೆವರೆಗೂ ಇದ್ದ ಮುಖ ಹೊಸ ಫ್ಲೆಕ್ಸ್‌ನಲ್ಲಿ ಕಾಣದಿದ್ದರೆ ಕಾರ್ಯಕರ್ತರು ಗುಸುಗುಸು ಶುರು ಮಾಡ್ತಾರೆ.

ಗೋಡೆ, ರಸ್ತೆ ಅಂದಗೆಡಿಸಬಾರದು ಅಂತ ರಾಜ್ಯದಲ್ಲಿ 1981ರಿಂದ ಕಾಯ್ದೆ ಇದೆ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಚಾಟಿ ಬೀಸಿದಾಗ ಬಿಬಿಎಂಪಿ ಸಾವಿರಾರು ಫ್ಲೆಕ್ಸ್ ಕಿತ್ತುಹಾಕಿತು. ಮತ್ತೆ ಬಂದವು. ಯಾಕಂದ್ರೆ ಟಿಕೆಟ್ಟಿಗೋ ಹುದ್ದೆಗೋ ಕಾಯ್ತಿರೋರಿಗೆ ದಂಡಕ್ಕಿಂತ ಗೈರುಹಾಜರಿಯೇ ದುಬಾರಿ. ನಾಯಕರ ಕಣ್ಣಿಗೆ ಬೀಳಲೆಂದು ಕಟ್ಟಿಸಿದ್ದು ಅದು. ಫುಟ್‌ಪಾತ್ ಬಿಟ್ಟು ರಸ್ತೆಗಿಳಿದು ನಡೆಯೋರು ಮಾತ್ರ ನಾವು.

ಹಾಗಾಗಿ ಮುಂದಿನ ಸಲ ಫ್ಲೆಕ್ಸನ್ನು ಕೆಳಗಿನಿಂದ ಮೇಲಕ್ಕೆ ಓದಿ.